ಕರೆ ಎತ್ತಿದವರು ಯಾರನ್ನು ಕಳಿಸುತ್ತಾರೆ?

ಮೇಲಿನ ಮನೆಯವರು ರಾತ್ರಿ ಹನ್ನೊಂದಾದರೂ ಹಾಡು ನಿಲ್ಲಿಸಿಲ್ಲ. ಬಸ್ ನಿಲ್ದಾಣದಲ್ಲಿ ಒಬ್ಬಾತ ಯಾರನ್ನೋ ಬೈಯುತ್ತ ಅತ್ತಿಂದಿತ್ತ ಓಡಾಡುತ್ತಿದ್ದಾನೆ, ಎದುರಿಗೆ ಯಾರೂ ಇಲ್ಲ. ಒಂಟಿಯಾಗಿರುವ ಅಜ್ಜಿ ಎರಡು ದಿನದಿಂದ ಬಾಗಿಲು ತೆಗೆದಿಲ್ಲ. ಅಂಗಡಿ ಮೆಟ್ಟಿಲ ಮೇಲೆ ಕುಡಿದು ಮಲಗಿದವನನ್ನು ಎಬ್ಬಿಸಿದರೂ ಏಳುತ್ತಿಲ್ಲ. ತುರ್ತು ಸಂಖ್ಯೆಗೆ ದಿನವಿಡೀ ಬರುವ ಕರೆಗಳಲ್ಲಿ ಇಂಥವೇ ಹೆಚ್ಚು. ಅಮೆರಿಕದ ನ್ಯೂ ಆರ್ಲಿಯನ್ಸ್, ಸ್ಯಾಕ್ರಮೆಂಟೊ ಮೊದಲಾದ ಕಡೆಯ ದಾಖಲೆಗಳನ್ನು 2020ರಲ್ಲಿ ತೆಗೆದು ಲೆಕ್ಕ ಹಾಕಿದಾಗ, ಪೊಲೀಸರ ಸಮಯದಲ್ಲಿ ಹಿಂಸಾಪರಾಧದ ಕರೆಗಳಿಗೆ ಹೋಗಿದ್ದು ಶೇ. 4ರ ಆಸುಪಾಸು ಎಂದು ಕಂಡುಬಂತು. ಉಳಿದದ್ದು ಟ್ರಾಫಿಕ್ಕು, ಗಲಾಟೆ, ದೂರು, ವಿಚಾರಣೆ, ಮತ್ತು 'ಯಾರಾದರೂ ಬಂದು ನೋಡಿ' ಎನ್ನುವ ಬಗೆಯ ಕರೆಗಳು.

ಆದರೂ ಇವಕ್ಕೆಲ್ಲ ಓಡಿ ಬರುವವರು ಸೊಂಟದಲ್ಲಿ ಪಿಸ್ತೂಲು ಇರುವ ಪೊಲೀಸರೇ. 'ಪೊಲೀಸರ ಬದಲು ಬೇರೆಯವರನ್ನು ಕಳಿಸಬಹುದೇ' ಎಂಬ ಚರ್ಚೆ ಹುಟ್ಟಿದ್ದು ಇಲ್ಲಿಂದ. ಇದನ್ನು ಪೊಲೀಸರು ಬೇಕೋ ಬೇಡವೋ ಎಂಬ ಜಗಳವಾಗಿ ನೋಡಿದರೆ ಏನೂ ಬಗೆಹರಿಯುವುದಿಲ್ಲ. ಯಾವ ಕರೆಗೆ ಯಾರು ಮೊದಲು ಬಾಗಿಲು ಮುಟ್ಟಬೇಕು ಎನ್ನುವುದೇ ಕೇಳಬೇಕಾದ ಪ್ರಶ್ನೆ. ಅದು ತೀರ್ಮಾನವಾಗುವುದು ಬೀದಿಯಲ್ಲಲ್ಲ, ಕಂಟ್ರೋಲ್ ರೂಮಿನಲ್ಲಿ ಫೋನ್ ಎತ್ತಿದ ಮೊದಲ ಒಂದೆರಡು ನಿಮಿಷಗಳಲ್ಲಿ.

ಎಲ್ಲ ಕೆಲಸ ಪೊಲೀಸರ ತಲೆಗೆ ಬಿದ್ದದ್ದು ಯಾರೋ ಕೂತು ಯೋಜಿಸಿದ್ದರಿಂದಲ್ಲ. ಇಡೀ ದೇಶಕ್ಕೆ ಒಂದೇ ಪೊಲೀಸ್ ಸಂಖ್ಯೆ ಬೇಕೆಂದು ಅಮೆರಿಕದ ಅಧ್ಯಕ್ಷರು ನೇಮಿಸಿದ್ದ ಆಯೋಗವೊಂದು 1967ರಲ್ಲಿ ಹೇಳಿತು. 1968ರ ಫೆಬ್ರುವರಿ 16ರಂದು ಅಲಬಾಮಾದ ಹೇಲಿವಿಲ್ ಎಂಬ ಸಣ್ಣ ಊರಿನಲ್ಲಿ 911 ಎಂಬ ತುರ್ತು ಸಂಖ್ಯೆಗೆ ಮೊದಲ ಕರೆ ಹೋಯಿತು. ಅದೇ ಕಾಲಕ್ಕೆ ಇನ್ನೊಂದು ಕಡೆ ದೊಡ್ಡ ಬದಲಾವಣೆ ಆಗುತ್ತಿತ್ತು. 1955ರಲ್ಲಿ ಅಲ್ಲಿನ ಸರಕಾರಿ ಮನೋರೋಗ ಆಸ್ಪತ್ರೆಗಳಲ್ಲಿ ಸುಮಾರು 5.58 ಲಕ್ಷ ಜನ ಇದ್ದರು. ಹಲವು ಆಸ್ಪತ್ರೆಗಳು ನರಕದಂತಿದ್ದವು, ಮುಚ್ಚಿದ್ದು ಸರಿಯೇ. ಅವುಗಳ ಜಾಗದಲ್ಲಿ ಊರೂರಿಗೆ ಆರೈಕೆ ಕೇಂದ್ರಗಳು ಬರುತ್ತವೆ ಎಂದು 1963ರ ಕಾಯ್ದೆ ಮಾತು ಕೊಟ್ಟಿತ್ತು. ಜನ ಹೊರಗೆ ಬಂದರು, ಕೇಂದ್ರಗಳು ಮಾತು ಕೊಟ್ಟಷ್ಟು ಬರಲಿಲ್ಲ. ರಾತ್ರಿ ಎರಡು ಗಂಟೆಗೂ ಫೋನ್ ಎತ್ತುವ, ದುಡ್ಡು ಕೇಳದೆ ವಾಹನದಲ್ಲಿ ಬರುವ ಇಲಾಖೆ ಒಂದೇ ಉಳಿಯಿತು.

ಅದರ ಬೆಲೆ ಏನು ಎನ್ನುವುದಕ್ಕೆ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ನಗರದ ಡೇನಿಯಲ್ ಪ್ರೂಡ್ ಪ್ರಕರಣ ನೋಡಿ. 2020ರ ಮಾರ್ಚ್ 23ರ ನಸುಕು, ಹಿಮ ಬೀಳುತ್ತಿತ್ತು. ಮನಸ್ಸಿನ ಹಿಡಿತ ತಪ್ಪಿದ್ದ 41 ವರ್ಷದ ಪ್ರೂಡ್ ಮನೆಯಿಂದ ಹೊರಗೆ ಓಡಿದರು. ಕೆಲವು ಗಂಟೆಗಳ ಹಿಂದಷ್ಟೇ ಅವರನ್ನು ಆಸ್ಪತ್ರೆಗೆ ಒಯ್ದು, ಅಲ್ಲಿಂದ ವಾಪಸ್ ಕಳಿಸಿದ್ದರು. ಅಣ್ಣ ಗಾಬರಿಯಿಂದ 911ಕ್ಕೆ ಫೋನ್ ಮಾಡಿದರು. ಬೀದಿಯಲ್ಲಿ ಬೆತ್ತಲೆಯಾಗಿದ್ದ ಪ್ರೂಡ್‌ಗೆ ಪೊಲೀಸರು ಕೈಕೋಳ ಹಾಕಿದರು. ಉಗುಳುತ್ತಿದ್ದಾರೆಂದು ತಲೆಗೆ ಜಾಲರಿಯ ಚೀಲ ಹಾಕಿ, ತಲೆಯನ್ನು ನೆಲಕ್ಕೆ ಒತ್ತಿ ಹಿಡಿದರು. ಉಸಿರು ನಿಂತಿತು. ಮಾರ್ಚ್ 30ರಂದು ಪ್ರೂಡ್ ತೀರಿಕೊಂಡರು. ಪೊಲೀಸರ ಮೇಲೆ ಮೊಕದ್ದಮೆ ಹೂಡಲು ಮುಂದೆ ಗ್ರ್ಯಾಂಡ್ ಜ್ಯೂರಿ, ಅಂದರೆ ಮೊಕದ್ದಮೆ ಬೇಕೇ ಎಂದು ತೀರ್ಮಾನಿಸುವ ನಾಗರಿಕರ ಮಂಡಳಿ, ಒಪ್ಪಲಿಲ್ಲ. ಅಣ್ಣ ಕೇಳಿದ್ದು ತಮ್ಮನನ್ನು ಉಳಿಸಿಕೊಡಿ ಎಂದು. ಆದರೆ ಕಳಿಸಲು ಅಲ್ಲಿದ್ದದ್ದು ಒಂದೇ ಬಗೆಯ ಸಹಾಯ. ಅಮೆರಿಕದಲ್ಲಿ ಪೊಲೀಸರ ಗುಂಡಿಗೆ ವರ್ಷಕ್ಕೆ ಸುಮಾರು 1,000 ಜನ ಸಾಯುತ್ತಾರೆ. ವಾಷಿಂಗ್ಟನ್ ಪೋಸ್ಟ್ ಪತ್ರಿಕೆ 2015ರಿಂದ ಇಟ್ಟ ಲೆಕ್ಕದಲ್ಲಿ ಅವರ ಪೈಕಿ ಸುಮಾರು ಐದರಲ್ಲಿ ಒಬ್ಬರಿಗೆ ಮಾನಸಿಕ ಕಾಯಿಲೆ ಇದ್ದದ್ದು ಗೊತ್ತಾಗಿದೆ.

'ಪೊಲೀಸರಿಗೇ ತರಬೇತಿ ಕೊಡಿ' ಎನ್ನುವುದು ಹಳೆಯ ಉತ್ತರ. ಮೆಂಫಿಸ್ ನಗರದಲ್ಲಿ 1988ರಲ್ಲಿ ಶುರುವಾದ 40 ಗಂಟೆಗಳ ತರಬೇತಿ ಅಮೆರಿಕದುದ್ದಕ್ಕೂ ಹಬ್ಬಿತು. ಅದರಿಂದ ಒಳ್ಳೆಯದೇ ಆಗಿದೆ. ಆದರೆ ಎಷ್ಟೇ ಮೆದುವಾಗಿ ಮಾತಾಡಲು ಕಲಿತರೂ ಬರುವವರ ಜೊತೆ ಸಮವಸ್ತ್ರ, ಸೈರನ್, ಕೋಳ ಬಂದೇ ಬರುತ್ತವೆ. ತನ್ನನ್ನು ಯಾರೋ ಹಿಡಿಯಲು ಬರುತ್ತಿದ್ದಾರೆ ಎಂಬ ಭ್ರಮೆಯಲ್ಲಿರುವವನ ಮುಂದೆ ನಿಜಕ್ಕೂ ಹಿಡಿಯಬಲ್ಲವರನ್ನೇ ನಿಲ್ಲಿಸಿದ ಹಾಗೆ.

ಬೇರೆ ದಾರಿ ಹುಡುಕಿದವರಲ್ಲಿ ಹೆಚ್ಚು ಹೆಸರಾದದ್ದು ಆರೆಗನ್ ರಾಜ್ಯದ ಯುಜೀನ್ ನಗರ. ಅಲ್ಲಿನ ವೈಟ್ ಬರ್ಡ್ ಕ್ಲಿನಿಕ್ 1989ರಲ್ಲಿ ಪೊಲೀಸ್ ಇಲಾಖೆಯ ಜೊತೆ ಸೇರಿ 'ಕಹೂಟ್ಸ್' ಎಂಬ ವ್ಯವಸ್ಥೆ ಶುರುಮಾಡಿತು. ಒಂದು ವ್ಯಾನು, ಇಬ್ಬರು ಮನುಷ್ಯರು. ಒಬ್ಬರು ನರ್ಸ್ ಅಥವಾ ತುರ್ತು ವೈದ್ಯಕೀಯ ಸಿಬ್ಬಂದಿ, ಇನ್ನೊಬ್ಬರು ಸಂಕಟದಲ್ಲಿರುವವರ ಜೊತೆ ಮಾತಾಡಿ ಪಳಗಿದವರು. ಆಯುಧ ಇಲ್ಲ, ಬಂಧಿಸುವ ಅಧಿಕಾರವೂ ಇಲ್ಲ. ಸಮವಸ್ತ್ರವಿಲ್ಲದೆ ಸಾದಾ ಬಟ್ಟೆಯಲ್ಲಿ ಬರುತ್ತಿದ್ದರು.

ಇಂಥ ತಂಡ ಸ್ಥಳಕ್ಕೆ ಬಂದಾಗ ಮಾಡುವ ಕೆಲಸ ನೋಡುವವರಿಗೆ ಏನೂ ಅಲ್ಲ ಅನ್ನಿಸಬಹುದು. ಹತ್ತಿರ ನುಗ್ಗುವುದಿಲ್ಲ. ಆತ ಹೊರಟು ಹೋಗಬೇಕೆಂದರೆ ಹೋಗಲು ದಾರಿ ತೆರೆದಿರುವಂತೆ ಪಕ್ಕಕ್ಕೆ ನಿಲ್ಲುತ್ತಾರೆ. ಇಬ್ಬರೂ ಒಟ್ಟಿಗೆ ಮಾತಾಡುವುದಿಲ್ಲ. ಒಬ್ಬರು ಮಾತಾಡುತ್ತಿದ್ದರೆ ಇನ್ನೊಬ್ಬರು ಸುತ್ತಲಿನ ಗುಂಪನ್ನು ದೂರ ಕಳಿಸುತ್ತಾರೆ. ಆತ ನೆಲದ ಮೇಲೆ ಕೂತಿದ್ದರೆ ಇವರೂ ಕೂರುತ್ತಾರೆ. ಮೊದಲು ಹೆಸರು ಹೇಳಿಕೊಳ್ಳುತ್ತಾರೆ, ನೀರು ಬೇಕೇ ಎಂದು ಕೇಳುತ್ತಾರೆ. ಆತ ಹೇಳುವುದು ಸುಳ್ಳೆಂದು ವಾದಿಸುವುದಿಲ್ಲ, ಹೌದು ಎಂದು ತಲೆಯಾಡಿಸುವುದೂ ಇಲ್ಲ. 'ನಿಮಗೆ ಭಯ ಆಗ್ತಿದೆ ಅನ್ಸುತ್ತೆ' ಎಂದಷ್ಟೇ ಹೇಳಿ ಸುಮ್ಮನಾಗುತ್ತಾರೆ. ಆಮೇಲೆ ಎರಡು ಸಣ್ಣ ಆಯ್ಕೆ ಮುಂದಿಡುತ್ತಾರೆ: ಇಲ್ಲೇ ಕೂತು ಮಾತಾಡೋಣವೋ, ವ್ಯಾನಿನಲ್ಲಿ ಕೂರೋಣವೋ? ಕಾಲಲ್ಲಿ ಗಾಯವಿದ್ದರೆ ಅಲ್ಲೇ ತೊಳೆದು ಕಟ್ಟುತ್ತಾರೆ. ಅವಸರವಿಲ್ಲದಿರುವುದೇ ಈ ಕೆಲಸದ ಮುಖ್ಯ ಹತ್ಯಾರ. ಒಂದರ ಬೆನ್ನಿಗೆ ಒಂದು ಕರೆ ಕಾಯುತ್ತಿರುವ ಗಸ್ತು ಪೊಲೀಸರ ಕೈಲಿ ಇಲ್ಲದ್ದೂ ಅದೇ.

ಯುಜೀನ್‌ನಲ್ಲಿ ಜನ ಈ ತಂಡವನ್ನು ಕರೆಸಲು ಹೊಸ ಸಂಖ್ಯೆ ಕಲಿಯಬೇಕಿರಲಿಲ್ಲ. 911ಕ್ಕೋ ಪೊಲೀಸರ ಸಾಮಾನ್ಯ ಸಂಖ್ಯೆಗೋ ಫೋನ್ ಮಾಡಿದರೆ, ಎತ್ತಿದವರೇ ಯಾವ ಕರೆ ಯಾರಿಗೆ ಎಂದು ವಿಂಗಡಿಸುತ್ತಿದ್ದರು. ಹೀಗೆ ಕರೆ ವಿಂಗಡಿಸುವ ಡಿಸ್ಪ್ಯಾಚರ್ ಅಂದರೆ ರೈಲ್ವೆಯ ಪಾಯಿಂಟ್ಸ್‌ಮನ್ ಇದ್ದ ಹಾಗೆ. ಅವರು ಎಳೆದ ಲಿವರ್ ಮೇಲೆ ಗಾಡಿ ಯಾವ ಹಳಿಗೆ ಎಂಬುದು ನಿಂತಿರುತ್ತದೆ. ಪ್ರಯಾಣಿಕರಿಗೆ ಅವರ ಮುಖವೂ ಗೊತ್ತಿರುವುದಿಲ್ಲ.

ಅವರ ಮುಂದೆ ಒಂದು ಪ್ರಶ್ನಾವಳಿ ಇರುತ್ತದೆ. ಆಯುಧ ಇದೆಯೇ? ಯಾರಿಗಾದರೂ ಪೆಟ್ಟಾಗಿದೆಯೇ? ಕುಡಿದಿದ್ದಾನೆಯೇ? ಪ್ರಶ್ನೆಗಳು ಸರಳ, ಉತ್ತರಗಳು ಸರಳವಲ್ಲ. ಗಾಬರಿಯಲ್ಲಿರುವವರಿಗೆ ಕೈಯಲ್ಲಿರುವ ಬಾಚಣಿಗೆಯೂ ಚಾಕುವಾಗಿ ಕಾಣಬಹುದು. 'ಗೊತ್ತಿಲ್ಲ, ಇರಬಹುದು' ಎಂಬ ಉತ್ತರ ಬಂದರೆ ಡಿಸ್ಪ್ಯಾಚರ್ ಏನು ಮಾಡಬೇಕು? ಆಯುಧವಿಲ್ಲದವರನ್ನು ಕಳಿಸಿ ಅವರಿಗೆ ಏನಾದರೂ ಆದರೆ ಹೊಣೆ ತನ್ನ ತಲೆಗೆ. ಪೊಲೀಸರನ್ನು ಕಳಿಸಿ ಅಲ್ಲಿ ಕೆಟ್ಟದ್ದಾದರೆ ನಿಯಮದಂತೆ ನಡೆದೆ ಎನ್ನಬಹುದು. ಹೀಗಿರುವಾಗ ಅನುಮಾನದ ಕರೆಗಳೆಲ್ಲ ಪೊಲೀಸರತ್ತಲೇ ವಾಲುತ್ತವೆ. ಇದರಲ್ಲಿ ಡಿಸ್ಪ್ಯಾಚರ್‌ಗಳ ತಪ್ಪು ಹುಡುಕುವುದು ಅನ್ಯಾಯ. ನಿಯಮ ಬರೆದವರು ಹೊಣೆಯನ್ನು ಹಂಚಿದ ರೀತಿ ಅದು.

ನ್ಯೂಯಾರ್ಕ್ ನಗರದಲ್ಲಿ ಇದು ಕಣ್ಣಿಗೆ ಕಂಡಿತು. 2021ರ ಜೂನ್‌ನಲ್ಲಿ ಹಾರ್ಲೆಮ್ ಭಾಗದಲ್ಲಿ 'ಬಿ-ಹರ್ಡ್' ಎಂಬ ಇಂಥವೇ ತಂಡಗಳು ಇಳಿದವು. ಆದರೆ ಮೊದಲ ತಿಂಗಳು ಆ ಪ್ರದೇಶದ ಮಾನಸಿಕ ಆರೋಗ್ಯದ ಕರೆಗಳಲ್ಲಿ ಈ ತಂಡಕ್ಕೆ ಹೋದದ್ದು ಸುಮಾರು ಕಾಲು ಭಾಗ ಮಾತ್ರ. ತಂಡ ಹೋದ ಕಡೆ ಫಲಿತಾಂಶ ಬೇರೆಯೇ ಇತ್ತು: ಆಸ್ಪತ್ರೆಗೆ ಸಾಗಿಸಬೇಕಾಗಿ ಬಂದವರು ಅರ್ಧದಷ್ಟು. ಹಳೆಯ ವ್ಯವಸ್ಥೆಯಲ್ಲಿ ಇದು ಶೇ. 80 ದಾಟುತ್ತಿತ್ತು. ವ್ಯಾನು, ಸಿಬ್ಬಂದಿ, ಬಜೆಟ್ ಎಲ್ಲ ಇದ್ದೂ ಹೆಚ್ಚಿನ ಕರೆಗಳು ಹಳೆಯ ಹಳಿಯಲ್ಲೇ ಹೋದವು. ಟೆಕ್ಸಸ್‌ನ ಆಸ್ಟಿನ್ ನಗರ ಕೈಹಾಕಿದ್ದು ನೇರವಾಗಿ ಫೋನಿಗೇ. ಅಲ್ಲಿ 2021ರಿಂದ 911 ಎತ್ತಿದವರು ಕೇಳುವುದು ಹೀಗೆ: ಪೊಲೀಸರು ಬೇಕೋ, ಅಗ್ನಿಶಾಮಕವೋ, ಆಂಬುಲೆನ್ಸೋ, ಮಾನಸಿಕ ಆರೋಗ್ಯ ಸೇವೆಯೋ? ಒಂದು ಆಯ್ಕೆ ಸೇರಿಸಿದ್ದು ಸಣ್ಣ ವಿಷಯ ಅನ್ನಿಸುತ್ತದೆ. ಆದರೆ ಕರೆ ಮಾಡಿದವರಿಗೆ ಅಂಥದೊಂದು ಇದೆ ಎಂದು ಗೊತ್ತಾಗುವುದೇ ಆ ಕ್ಷಣದಲ್ಲಿ. 2022ರ ಜುಲೈನಲ್ಲಿ ಬಂದ 988 ಎಂಬ ರಾಷ್ಟ್ರೀಯ ಸಂಖ್ಯೆಯದು ಮೂರನೇ ದಾರಿ. ಆತ್ಮಹತ್ಯೆಯ ಯೋಚನೆ, ಮಾನಸಿಕ ಸಂಕಟ ಇದ್ದವರು ನೇರವಾಗಿ ಆಪ್ತಸಲಹೆಗಾರರ ಜೊತೆ ಮಾತಾಡುತ್ತಾರೆ. ಬಹುಪಾಲು ಕರೆಗಳು ಫೋನಿನಲ್ಲೇ ಮುಗಿಯುತ್ತವೆ, ಯಾರೂ ಯಾರ ಮನೆಗೂ ಹೋಗಬೇಕಾಗುವುದಿಲ್ಲ.

ಇಂಥ ತಂಡಗಳಿಂದ ನಿಜಕ್ಕೂ ಉಪಯೋಗವಾಗಿದೆಯೇ? ಅಂಕಿಅಂಶ ಓದುವಾಗ ಸ್ವಲ್ಪ ಹುಷಾರಾಗಿರಬೇಕು. ಯುಜೀನ್‌ನ ಕರೆಗಳಲ್ಲಿ ಶೇ. 17ನ್ನು ತಾವೇ ನೋಡಿಕೊಳ್ಳುತ್ತೇವೆ ಎಂದು ಕಹೂಟ್ಸ್ ಹೇಳುತ್ತಿತ್ತು. ಜಗತ್ತಿನ ಪತ್ರಿಕೆಗಳೆಲ್ಲ ಅದನ್ನೇ ಬರೆದವು. ಅಲ್ಲಿನ ಪೊಲೀಸ್ ಇಲಾಖೆ ಲೆಕ್ಕ ಹಾಕಿದರೆ ಸಿಕ್ಕಿದ್ದು ಶೇ. 5ರಿಂದ 8. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಒಬ್ಬರನ್ನು ಆಶ್ರಯ ಕೇಂದ್ರಕ್ಕೆ ಬಿಟ್ಟು ಬರುವುದು, ಗಾಯ ನೋಡುವುದು, ಹೇಗಿದ್ದೀರಿ ಎಂದು ವಿಚಾರಿಸಿ ಬರುವುದು ಕಹೂಟ್ಸ್ ಕೆಲಸದಲ್ಲಿ ದೊಡ್ಡ ಪಾಲು. ಇವುಗಳಲ್ಲಿ ಹಲವಕ್ಕೆ ಪೊಲೀಸರು ಹೇಗೂ ಹೋಗುತ್ತಿರಲಿಲ್ಲ. ಹಾಗಾಗಿ ಪೊಲೀಸರ ಹೊರೆ ಎಷ್ಟು ಇಳಿಯಿತು ಎಂಬ ಲೆಕ್ಕಕ್ಕೆ ಅವು ಬರುವುದಿಲ್ಲ. ಯಾರೂ ಹೋಗದಿದ್ದ ಕಡೆಗೆ ಯಾರೋ ಒಬ್ಬರು ಹೋದರು ಎಂಬುದು ನನ್ನ ಪ್ರಕಾರ ಹೊರೆ ಇಳಿಸಿದ್ದಕ್ಕಿಂತ ದೊಡ್ಡ ವಿಷಯ. ಆದರೆ ಅದನ್ನು ಪೊಲೀಸ್ ಖರ್ಚಿನ ಉಳಿತಾಯ ಎಂದು ಮಾರಲು ಹೋದರೆ ಒಂದು ದಿನ ಲೆಕ್ಕ ಕೇಳುವವರು ಬರುತ್ತಾರೆ.

ಗಟ್ಟಿ ಅಧ್ಯಯನ ಸಿಕ್ಕಿರುವುದು ಡೆನ್ವರ್ ನಗರದ 'ಸ್ಟಾರ್' ಯೋಜನೆಯದು. 2020ರ ಜೂನ್‌ನಲ್ಲಿ ಒಬ್ಬ ಮಾನಸಿಕ ಆರೋಗ್ಯ ತಜ್ಞರು, ಒಬ್ಬ ಪ್ಯಾರಾಮೆಡಿಕ್ ವ್ಯಾನಿನಲ್ಲಿ ಹೊರಟರು. ಮೊದಲ ಆರು ತಿಂಗಳಲ್ಲಿ 748 ಕರೆಗಳಿಗೆ ಹೋದರು, ಒಂದರಲ್ಲೂ ಬಂಧನವಾಗಲಿಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ವ್ಯಾನ್ ಓಡಾಡಿದ ಪ್ರದೇಶಗಳನ್ನೂ ಉಳಿದ ಪ್ರದೇಶಗಳನ್ನೂ ಹೋಲಿಸಿ 2022ರಲ್ಲಿ ಪ್ರಕಟಿಸಿದ ಪ್ರಕಾರ, ಅತಿಕ್ರಮ ಪ್ರವೇಶ, ಸಾರ್ವಜನಿಕ ಗಲಾಟೆಯಂಥ ಸಣ್ಣ ಅಪರಾಧಗಳ ವರದಿ ಶೇ. 34 ಇಳಿಯಿತು. ಹಿಂಸಾಪರಾಧ ಏರಲೂ ಇಲ್ಲ, ಇಳಿಯಲೂ ಇಲ್ಲ. ಇಲ್ಲೊಂದು ತಕರಾರು ತೆಗೆಯಬಹುದು: ಪೊಲೀಸರೇ ಬರದಿದ್ದರೆ ಕೇಸು ಬರೆಯುವವರು ಯಾರು, ಸಂಖ್ಯೆ ತಾನಾಗಿ ಇಳಿಯುವುದಿಲ್ಲವೇ? ನ್ಯಾಯವಾದ ಪ್ರಶ್ನೆ, ಇಳಿಕೆಯ ಒಂದು ಭಾಗ ಅದರಿಂದಲೇ ಆಗಿರುತ್ತದೆ. ಆದರೆ ವ್ಯಾನ್ ಓಡದ ಹೊತ್ತಿನಲ್ಲೂ ಇಳಿಕೆ ಕಂಡಿದೆ ಎಂದು ಸಂಶೋಧಕರು ತೋರಿಸಿದ್ದಾರೆ. ಸಹಾಯ ಸಿಕ್ಕವರು ಮತ್ತೆ ಮತ್ತೆ ಅದೇ ಬೀದಿಯಲ್ಲಿ ಅದೇ ಗಲಾಟೆ ಮಾಡುವುದು ಕಮ್ಮಿಯಾಯಿತು ಎಂದು ಇದನ್ನು ಓದಿಕೊಳ್ಳಬಹುದು.

ಮನೆಯೊಳಗಿನ ಹಿಂಸೆಯ ಕರೆ ಬಂದಾಗ ಈ ಮಾದರಿಗಳೆಲ್ಲ ತಡವರಿಸುತ್ತವೆ. ಗಂಡ ಹೊಡೆಯುತ್ತಿದ್ದಾನೆ ಎಂದು ಫೋನ್ ಬಂದರೆ ಆಯುಧವಿಲ್ಲದ ಇಬ್ಬರನ್ನು ಕಳಿಸುವ ಧೈರ್ಯ ಯಾವ ನಗರಕ್ಕೂ ಸುಲಭವಾಗಿ ಬರುವುದಿಲ್ಲ, ಬರಲೂಬಾರದು. ಹಾಗೆಂದು ಬಂಧನವೇ ಮದ್ದು ಎನ್ನುವಂತೆಯೂ ಇಲ್ಲ. 1981–82ರಲ್ಲಿ ಮಿನಿಯಾಪೊಲಿಸ್ ಪೊಲೀಸರು ಒಂದು ವಿಚಿತ್ರ ಪ್ರಯೋಗಕ್ಕೆ ಒಪ್ಪಿದ್ದರು. ಅವರ ಕೈಗೆ ಬಣ್ಣದ ಹಾಳೆಗಳ ಪ್ಯಾಡ್ ಕೊಟ್ಟಿದ್ದರು. ಸಣ್ಣ ಮಟ್ಟದ ಹಲ್ಲೆಯ ಕರೆಗೆ ಹೋದಾಗ ಮೇಲಿರುವ ಹಾಳೆಯ ಬಣ್ಣ ಹೇಳಿದಂತೆ ಮಾಡಬೇಕು: ಬಂಧಿಸು, ಇಲ್ಲವೇ ಎಂಟು ಗಂಟೆ ಮನೆಯಿಂದ ಹೊರಗೆ ಕಳಿಸು, ಇಲ್ಲವೇ ಬುದ್ಧಿ ಹೇಳು. ಆರು ತಿಂಗಳ ನಂತರ ನೋಡಿದರೆ ಬಂಧಿತರಲ್ಲಿ ಮತ್ತೆ ಹೊಡೆದು ಪೊಲೀಸ್ ದಾಖಲೆಗೆ ಬಂದವರು ಶೇ. 10, ಬುದ್ಧಿ ಹೇಳಿಸಿಕೊಂಡವರಲ್ಲಿ ಶೇ. 19, ಹೊರಗೆ ಕಳಿಸಿದವರಲ್ಲಿ ಶೇ. 24. ಇದು 1984ರಲ್ಲಿ ಪ್ರಕಟವಾದ ಮೇಲೆ ಹಲವು ರಾಜ್ಯಗಳು ಬಂಧನ ಕಡ್ಡಾಯ ಎಂದು ಕಾನೂನನ್ನೇ ಮಾಡಿದವು. ಆಮೇಲೆ ಬೇರೆ ಊರುಗಳಲ್ಲಿ ಇದೇ ಪ್ರಯೋಗ ಮಾಡಿದಾಗ ಉತ್ತರ ಬದಲಾಯಿತು. ಮಿಲ್ವಾಕಿಯಲ್ಲಿ, ಕೆಲಸವಿದ್ದ ಗಂಡಸರು ಬಂಧನದ ನಂತರ ತಣ್ಣಗಾದರು, ನಿರುದ್ಯೋಗಿಗಳು ಇನ್ನಷ್ಟು ಹೊಡೆದರು. ಕಳೆದುಕೊಳ್ಳಲು ಏನಾದರೂ ಇದ್ದವನಿಗೆ ಮಾತ್ರ ಕೋಳದ ಭಯ. ಆ ರಾತ್ರಿ ಹೊಡೆತ ನಿಲ್ಲಿಸಲು ಪೊಲೀಸರು ಬೇಕೇ ಬೇಕು. ಮರುದಿನದಿಂದ ಆ ಹೆಣ್ಣುಮಗಳಿಗೆ ಬೇಕಾದ್ದು ತಂಗಲು ಜಾಗ, ವಕೀಲರು, ಕೈಯಲ್ಲಿ ಒಂದಿಷ್ಟು ದುಡ್ಡು. ಅದು ಯಾವ ಕಂಟ್ರೋಲ್ ರೂಮಿನ ಪಟ್ಟಿಯಲ್ಲೂ ಇರುವುದಿಲ್ಲ.

ಬಂದೂಕಿನ ಹಿಂಸೆಯ ವಿಷಯದಲ್ಲಿ ಷಿಕಾಗೊದಲ್ಲಿ ಬೇರೆ ರೀತಿಯ ಪ್ರಯತ್ನ ನಡೆಯಿತು. ಕ್ಷಯ, ಏಡ್ಸ್‌ನಂಥ ಸೋಂಕುಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದ ವೈದ್ಯ ಗ್ಯಾರಿ ಸ್ಲಟ್ಕಿನ್, ಗುಂಡೇಟು ಕೂಡ ಸೋಂಕಿನಂತೆಯೇ ಒಬ್ಬರಿಂದ ಇನ್ನೊಬ್ಬರಿಗೆ ಹರಡುತ್ತದೆ ಎಂದು ವಾದಿಸಿದರು. ಒಂದು ಕೊಲೆ, ಅದಕ್ಕೆ ಸೇಡು, ಸೇಡಿಗೆ ಮರುಸೇಡು. ಈ ಸರಪಳಿ ತುಂಡರಿಸಲು 2000ದಲ್ಲಿ ಅವರು ಶುರುಮಾಡಿದ ಯೋಜನೆ ಬೀದಿಗಿಳಿಸಿದ್ದು ಒಂದು ಕಾಲದಲ್ಲಿ ಗ್ಯಾಂಗುಗಳಲ್ಲೇ ಇದ್ದವರನ್ನು. ಗುಂಡು ತಿಂದವನು ಆಸ್ಪತ್ರೆಯಲ್ಲಿ ಮಲಗಿರುವಾಗಲೇ ಅವನ ಗೆಳೆಯರನ್ನು ಹುಡುಕಿಕೊಂಡು ಹೋಗಿ, ಇವತ್ತು ರಾತ್ರಿ ಹೊರಗೆ ಹೋಗಬೇಡಿ ಎಂದು ಒಪ್ಪಿಸುವುದು ಅವರ ಕೆಲಸ. ಆ ಮಾತನ್ನು ಪೊಲೀಸರೋ ಪಾದ್ರಿಯೋ ಹೇಳಿದರೆ ಯಾರೂ ಕೇಳುವುದಿಲ್ಲ. ಈ ಮಾದರಿ ಬಾಲ್ಟಿಮೋರ್ ಸೇರಿ ಹಲವು ನಗರಗಳಿಗೆ ಹೋಯಿತು. ಕೆಲವು ಬಡಾವಣೆಗಳಲ್ಲಿ ಗುಂಡಿನ ಸದ್ದು ಇಳಿಯಿತು, ಕೆಲವದರಲ್ಲಿ ಏನೂ ಆಗಲಿಲ್ಲ. 2021ರ ಜನವರಿಯಿಂದ 2022ರ ಜನವರಿಯ ಒಳಗೆ ಬಾಲ್ಟಿಮೋರ್‌ನಲ್ಲಿ ಇಂಥ ಮೂವರು ಕಾರ್ಯಕರ್ತರು ತಾವೇ ಗುಂಡಿಗೆ ಬಲಿಯಾದರು. ಪೊಲೀಸರಿಗಿಂತ ಅಗ್ಗದ ದಾರಿ ಎಂದು ಇದನ್ನು ಹೊಗಳುವವರು ಈ ಕೆಲಸಗಾರರ ಸಂಬಳ, ವಿಮೆ, ಪಿಂಚಣಿಯ ಬಗ್ಗೆಯೂ ಒಂದು ಮಾತು ಆಡಬೇಕು.

ಯಾರೂ ಯಾರಿಗೂ ಫೋನ್ ಮಾಡಬೇಕಾಗದಂತೆ ಜಾಗವನ್ನೇ ಬದಲಿಸುವ ಉಪಾಯವೂ ಇದೆ. ಫಿಲಡೆಲ್ಫಿಯಾದಲ್ಲಿ 541 ಪಾಳು ನಿವೇಶನಗಳನ್ನು ಆರಿಸಿಕೊಂಡು, ಚೀಟಿ ಎತ್ತಿದ ಹಾಗೆ ಕೆಲವನ್ನು ಕಸ ತೆಗೆದು, ಹುಲ್ಲು ಹಾಕಿ, ಗಿಡ ನೆಟ್ಟು, ಗಿಡ್ಡನೆಯ ಮರದ ಬೇಲಿ ಹಾಕಿದರು. ಉಳಿದವನ್ನು ಇದ್ದ ಹಾಗೇ ಬಿಟ್ಟರು. 2018ರಲ್ಲಿ ಬಂದ ಫಲಿತಾಂಶದಂತೆ ಬಡ ಬಡಾವಣೆಗಳಲ್ಲಿ ಸುಧಾರಿಸಿದ ಜಾಗಗಳ ಸುತ್ತ ಬಂದೂಕಿನ ಹಿಂಸೆ ಶೇ. 29 ಇಳಿದಿತ್ತು. ಪೊದೆಯಲ್ಲಿ ಬಂದೂಕು ಬಚ್ಚಿಡುವಂತಿಲ್ಲ, ನೆರೆಹೊರೆಯವರು ಹೊರಗೆ ಬಂದು ಕೂರುತ್ತಾರೆ, ಕೂತವರ ಕಣ್ಣು ಬೀದಿಯ ಮೇಲಿರುತ್ತದೆ. ನ್ಯೂಯಾರ್ಕ್‌ನ ಸರಕಾರಿ ವಸತಿ ಸಮುಚ್ಚಯಗಳಲ್ಲಿ 2016ರಲ್ಲಿ ಇದೇ ರೀತಿ ಆರಿಸಿ ದೊಡ್ಡ ದೀಪ ಹಾಕಿದಾಗ ರಾತ್ರಿ ಹೊತ್ತು ಹೊರಗೆ ನಡೆಯುವ ಗಂಭೀರ ಅಪರಾಧ ಸುಮಾರು ಶೇ. 36 ಕಡಿಮೆಯಾಯಿತು. ಹುಲ್ಲು ಮತ್ತು ಬಲ್ಬಿನ ಬಗ್ಗೆ ಯಾವ ರಾಜಕಾರಣಿಯೂ ಚುನಾವಣಾ ಭಾಷಣ ಮಾಡುವುದಿಲ್ಲ, ಅದೊಂದೇ ಇದರ ದೋಷ.

ಪೊಲೀಸರು ಹಿಂದೆ ಸರಿದರೆ ಆ ಜಾಗಕ್ಕೆ ಬೇರೆಯವರು ತಾವಾಗಿ ಬಂದುಬಿಡುತ್ತಾರೆಯೇ? ಇಂಗ್ಲೆಂಡಿನಲ್ಲಿ ಇದೇ ಆತಂಕ. ಹಂಬರ್‌ಸೈಡ್ ಪೊಲೀಸರು 2020ರಿಂದ ಆಸ್ಪತ್ರೆ, ಆಂಬುಲೆನ್ಸ್‌ನವರ ಜೊತೆ ಕೂತು ಮಾತಾಡಿ, ಅಪಾಯವಿಲ್ಲದ ಮಾನಸಿಕ ಆರೋಗ್ಯದ ಕರೆಗಳಿಗೆ ಹೋಗುವುದನ್ನು ಹಂತಹಂತವಾಗಿ ಬಿಟ್ಟರು. ಅದನ್ನು ನೋಡಿ ಲಂಡನ್ ಪೊಲೀಸರು 2023ರಲ್ಲಿ ಕೆಲವೇ ತಿಂಗಳ ಗಡುವು ಘೋಷಿಸಿದಾಗ, ನಮಗೆ ಅಷ್ಟು ಸಿಬ್ಬಂದಿ ಎಲ್ಲಿದ್ದಾರೆ ಎಂದು ಆರೋಗ್ಯ ಸೇವೆಯವರು ಗಾಬರಿಯಾದರು. ಸ್ಟಾಕ್‌ಹೋಮ್ 2015ರಲ್ಲಿ ಮೊದಲು ಇಬ್ಬರು ಮನೋರೋಗ ನರ್ಸುಗಳಿರುವ ಆಂಬುಲೆನ್ಸನ್ನೇ ರಸ್ತೆಗಿಳಿಸಿತು. ಮೊದಲು ಗಾಡಿ, ಆಮೇಲೆ ಪೊಲೀಸರಿಗೆ ಬಿಡುವು. ಅರಿಜೋನಾದ ಟೂಸಾನ್‌ನಲ್ಲಿ 2011ರಲ್ಲಿ ಸಂಕಟದಲ್ಲಿರುವವರನ್ನು ಹಗಲುರಾತ್ರಿ ಸೇರಿಸಿಕೊಳ್ಳುವ ಕೇಂದ್ರ ತೆರೆದರು. ಎಷ್ಟು ಒಳ್ಳೆಯ ತಂಡವಾದರೂ ಕೊನೆಗೆ 'ಇವರನ್ನು ಈಗ ಎಲ್ಲಿಗೆ ಕರೆದೊಯ್ಯಲಿ' ಎಂದು ಕೇಳುತ್ತದೆ. ಅದಕ್ಕೆ ಉತ್ತರವಿಲ್ಲದಿದ್ದರೆ ವ್ಯಾನು ಮತ್ತೆ ಅದೇ ತುರ್ತು ಚಿಕಿತ್ಸಾ ವಿಭಾಗದ ಬಾಗಿಲಿಗೆ ಹೋಗಬೇಕು.

ಇನ್ನು ದುಡ್ಡು. 2020ರ ನಂತರ ಹುಟ್ಟಿದ ತಂಡಗಳಲ್ಲಿ ಬಹಳಷ್ಟು ಅನುದಾನದ ಮೇಲೆ ನಿಂತವು. ಬಡವರ ಸರಕಾರಿ ಆರೋಗ್ಯ ವಿಮೆಯಾದ ಮೆಡಿಕೇಡ್ ಅಡಿ ಸಂಚಾರಿ ತಂಡಗಳ ಸೇವೆಗೆ ಆಗುವ ಖರ್ಚಿನಲ್ಲಿ ಶೇ. 85ನ್ನು ಮೊದಲ ಮೂರು ವರ್ಷ ಕೇಂದ್ರ ಸರಕಾರವೇ ಭರಿಸುತ್ತದೆ ಎಂದು 2021ರಲ್ಲಿ ಅಮೆರಿಕ ಸರಕಾರ ಹೇಳಿತು. ಮೂರು ವರ್ಷ ಕಳೆಯುವುದು ತಡವಾಗುವುದಿಲ್ಲ. ಪೊಲೀಸ್ ಇಲಾಖೆಗೆ ಮುಂದಿನ ವರ್ಷ ದುಡ್ಡು ಬರುತ್ತದೋ ಇಲ್ಲವೋ ಎಂಬ ಪ್ರಶ್ನೆ ಏಳುವುದೇ ಇಲ್ಲ, ಈ ತಂಡಗಳಿಗೆ ಪ್ರತಿ ಬಜೆಟ್ಟೂ ಪರೀಕ್ಷೆ. ಇದನ್ನು ಅರಿತ ಆಲ್ಬುಕರ್ಕಿ ನಗರ 2021ರಲ್ಲಿ ತನ್ನ ತಂಡವನ್ನು ಪೊಲೀಸ್, ಅಗ್ನಿಶಾಮಕದ ಸಾಲಿನಲ್ಲೇ ಒಂದು ಸ್ವತಂತ್ರ ಇಲಾಖೆಯಾಗಿ ನಿಲ್ಲಿಸಿತು. ಇಲಾಖೆಯನ್ನು ಮುಚ್ಚುವುದು ಒಂದು ಕರಾರನ್ನು ಮುಗಿಸಿದಷ್ಟು ಸಲೀಸಲ್ಲ.

ಕಹೂಟ್ಸ್ ಕೊನೆಯವರೆಗೂ ಒಂದು ಕ್ಲಿನಿಕ್ ಮತ್ತು ನಗರದ ನಡುವಿನ ಕರಾರಾಗಿಯೇ ಉಳಿಯಿತು. ದೇಶದ ನಗರಗಳು ಅದನ್ನು ನೋಡಿ ತಮ್ಮ ಯೋಜನೆ ಬರೆದುಕೊಳ್ಳುತ್ತಿದ್ದ ಕಾಲದಲ್ಲೇ ಕ್ಲಿನಿಕ್ಕಿನ ಹಣಕಾಸು ಸೊರಗುತ್ತಿತ್ತು. 2025ರ ಏಪ್ರಿಲ್‌ನಲ್ಲಿ ಯುಜೀನ್ ನಗರದಲ್ಲಿ ಕಹೂಟ್ಸ್ ಸೇವೆ ನಿಂತಿತು. ಅಲ್ಲಿನ ಲೇನ್ ಕೌಂಟಿ ಆಡಳಿತ ಹಿಂದಿನ ವರ್ಷವೇ ತನ್ನದೊಂದು ಸಂಚಾರಿ ತಂಡವನ್ನು ಶುರುಮಾಡಿತ್ತು, ಮಾನಸಿಕ ಸಂಕಟದ ಕರೆಗಳಿಗೆ ಅದು ಹೋಗುತ್ತದೆ.